ಗಾಳಿಗೆ ಕರೆಂಟು ಹೋದರೆ ತೋಟದ ಮನೆಗಳು ದಿನಗಟ್ಟಲೆ ಹೇಗೆ ಸುಧಾರಿಸಬೇಕು? ಕಾಸರಗೋಡಿನವರು ಬರೆಯಿರಿ

ಪೆರ್ಲ ತೋಟದಮನೆ
ಗಾಳಿ ನಿಂತು ದಿನಗಳಾದವು. ಪೆರ್ಲ, ಬದಿಯಡ್ಕ ಪೇಟೆಗಳಲ್ಲಿ ಕರೆಂಟು ಬಂದಿದೆ. ತೋಟದ ಒಳಗಿನ ಮನೆಗಳಿಗೆ ಇನ್ನೂ ಇಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಪೈವಳಿಕೆ ಕಡೆಯ ನೆಂಟರಿಗೆಲ್ಲ ಫೋನ್ ಮಾಡಿ ನೋಡಿದೆ, ಎಲ್ಲ ಕಡೆ ಅಡಿಕೆ ಮರ, ರಬ್ಬರ್ ಮರ ಲೈನಿನ ಮೇಲೆಯೇ ಮಲಗಿವೆ.

ಪ್ರತಿ ಮಳೆಗಾಲ ಇದೇ ಆಗುತ್ತದೆ. ಆದರೂ ಪ್ರತಿ ಸಲ ನಾವು ಹೊಸದಾಗಿ ಪರದಾಡುತ್ತೇವೆ. ನೀರಿಗೇನು ಮಾಡಿದಿರಿ, ಔಷಧಿ ಹೇಗೆ ಇಟ್ಟಿರಿ, ಜನರೇಟರ್ ಬೇಕಾ, ಇನ್ವರ್ಟರ್ ಸಾಕಾ, ಗೊತ್ತಿರುವವರು ಬರೆಯಿರಿ. ನಾಲ್ಕು ಮನೆಗೆ ಉಪಯೋಗಕ್ಕೆ ಬೀಳಲಿ. ಯಾರನ್ನಾದರೂ ಬೈಯಲಿಕ್ಕೆ ಈ ಚರ್ಚೆ ಬೇಡ ಅಂತ ನನ್ನ ವಿನಂತಿ.

ಮುಳ್ಳೇರಿಯ ವಯರ್‌ಮ್ಯಾನ್
ಅಣ್ಣಾ, ಉಳಿದ ಎಲ್ಲದಕ್ಕಿಂತ ಮೊದಲು ಜೀವದ ವಿಷಯ ಹೇಳುತ್ತೇನೆ. ಇದು ಪ್ರತಿ ಮನೆಗೂ ಗೊತ್ತಿರಬೇಕು.

ಬಿದ್ದ ತಂತಿಯಲ್ಲಿ ಕರೆಂಟು ಇಲ್ಲ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಮನೆಯಲ್ಲಿ ದೀಪ ಉರಿಯದಿದ್ದರೂ ತಂತಿಯಲ್ಲಿ ಕರೆಂಟು ಇರಬಹುದು. ಈಗ ಇಲ್ಲದಿದ್ದರೂ ಇನ್ನೊಂದು ನಿಮಿಷದಲ್ಲಿ ಬರಬಹುದು. ಒದ್ದೆ ನೆಲದಲ್ಲಿ ತಂತಿಯ ಸುತ್ತ ಮಣ್ಣಿಗೂ ಕರೆಂಟು ಹರಡಿರುತ್ತದೆ. ಹತ್ತಿರ ಇದ್ದೀರಿ ಅಂತ ಗೊತ್ತಾದರೆ ದೊಡ್ಡ ಹೆಜ್ಜೆ ಹಾಕಿ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಮೆಲ್ಲ ಜರುಗಿ ಹೊರಗೆ ಬನ್ನಿ. ಎರಡು ಕಾಲಿನ ನಡುವೆ ಅಂತರ ಹೆಚ್ಚಿದಷ್ಟು ಅಪಾಯ ಜಾಸ್ತಿ. ದನಗಳು ಸಾಯುವುದು ಹೀಗೇ, ಅವುಗಳ ಮುಂಗಾಲು ಹಿಂಗಾಲಿನ ನಡುವೆ ಅಷ್ಟು ದೂರ ಉಂಟಲ್ಲ.

ಲೈನಿಗೆ ಒರಗಿದ ಅಡಿಕೆ ಮರವನ್ನು ನೀವೇ ಕಡಿಯಬೇಡಿ. ಹಸಿ ಮರದಲ್ಲಿ ಕರೆಂಟು ಹರಿಯುತ್ತದೆ, ಒದ್ದೆ ಹಗ್ಗದಲ್ಲೂ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯನ್ನಂತೂ ಲೈನಿನ ಹತ್ತಿರ ಎತ್ತಲೇಬೇಡಿ. ಅಡಿಕೆ ಕೊಯ್ಯುವಾಗ, ತೆಂಗಿನಕಾಯಿ ಕೀಳುವಾಗ ದೋಟಿ ತಾಗಿ ಎಷ್ಟು ಜನ ಹೋಗಿದ್ದಾರೆ ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ.

ತಂತಿ ಬಿದ್ದದ್ದು ಕಂಡರೆ ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ 9496010101ಕ್ಕೆ ಫೋನ್ ಮಾಡಿ. ಅದು ಅಪಾಯ ತಿಳಿಸಲಿಕ್ಕೆಂದೇ ಇರುವ ನಂಬರ್. ಕರೆಂಟು ಇಲ್ಲ ಎಂಬ ದೂರಿಗೆ 1912. ದೂರು ಕೊಡುವಾಗ ಬಿಲ್ಲಿನಲ್ಲಿರುವ 13 ಅಂಕೆಯ ಕನ್ಸ್ಯೂಮರ್ ನಂಬರ್ ಹೇಳಿ. ಹತ್ತಿರದ ಕಂಬದ ಮೇಲೆ ಬರೆದ ನಂಬರನ್ನೂ ಹೇಳಿ. "ನಮ್ಮ ಮನೆ ಹತ್ತಿರ, ಆ ದೊಡ್ಡ ಮಾವಿನ ಮರದ ಬುಡದಲ್ಲಿ" ಅಂದರೆ ಬೇರೆ ಊರಿಂದ ಕೆಲಸಕ್ಕೆ ಬಂದ ಲೈನ್‌ಮ್ಯಾನ್‌ಗೆ ಹೇಗೆ ಗೊತ್ತಾಗಬೇಕು?

ಕುಂಬಳೆ ವಿದ್ಯಾರ್ಥಿನಿ
ಅಣ್ಣ, ಪೇಟೆಗೆ ಬಂದ ಮೇಲೆ ತೋಟದ ಮನೆಗೆ ಇಷ್ಟು ತಡ ಯಾಕೆ? ನಮ್ಮ ಅಜ್ಜಿ ಮನೆ ಸೀತಾಂಗೋಳಿಯಿಂದ ಸ್ವಲ್ಪ ಒಳಗೆ. ಪಕ್ಕದ ಮನೆಗೆ ಬಂದಿದೆ, ಅಜ್ಜಿಗೆ ಮಾತ್ರ ಇಲ್ಲ. "ನಮ್ಮನ್ನು ಮರೆತರು" ಅಂತ ತುಂಬಾ ಬೇಜಾರು ಮಾಡಿಕೊಂಡಿದ್ದಾರೆ.

ಮುಳ್ಳೇರಿಯ ವಯರ್‌ಮ್ಯಾನ್
ತಂಗೀ, ಮರೆತದ್ದಲ್ಲ ಅಂತ ಅಜ್ಜಿಗೆ ಹೇಳು. ಕೆಲಸದ ಕ್ರಮವೇ ಹಾಗೆ. ಮೊದಲು ಸಬ್‌ಸ್ಟೇಷನ್‌ಗೆ ಬರುವ ದೊಡ್ಡ ಲೈನು ಸರಿಯಾಗಬೇಕು. ಆಮೇಲೆ 11 ಕೆವಿ ಫೀಡರ್, ಅಂದರೆ ಅಲ್ಲಿಂದ ಊರುಗಳ ಟ್ರಾನ್ಸ್‌ಫಾರ್ಮರಿಗೆ ಹೋಗುವ 11,000 ವೋಲ್ಟಿನ ಲೈನು. ಅದರ ಉದ್ದಕ್ಕೂ ಮಳೆಯಲ್ಲೇ ನಡೆದು, ಎಲ್ಲಿ ಮರ ಬಿದ್ದಿದೆ, ಎಲ್ಲಿ ಇನ್ಸುಲೇಟರ್ ಒಡೆದಿದೆ ಅಂತ ನೋಡಿ, ಒಂದೊಂದು ತುಂಡಾಗಿ ಚಾರ್ಜ್ ಮಾಡುತ್ತಾ ಬರುತ್ತಾರೆ. ನಂತರ ಟ್ರಾನ್ಸ್‌ಫಾರ್ಮರ್, ನಂತರ ಮನೆಗಳ ಕಡೆ ಹೋಗುವ ಲೈನು, ಕಟ್ಟಕಡೆಗೆ ಒಂದೊಂದೇ ಮನೆಯ ಸರ್ವಿಸ್ ವಯರ್. ಒಂದು ಫೀಡರ್ ಸರಿಯಾದರೆ ನೂರಾರು ಮನೆಗೆ ಬೆಳಕು. ಅಜ್ಜಿ ಮನೆಯ ವಯರ್ ಸರಿಯಾದರೆ ಒಂದೇ ಮನೆಗೆ. ಹಾಗಾಗಿ ಅದು ಕೊನೆಗೆ ಬರುತ್ತದೆ.

ಕಂಬ ಮುರಿದಿದ್ದರೆ ಇನ್ನೂ ಕಷ್ಟ. ಲಾರಿ ಹೋಗದ ಜಾಗಕ್ಕೆ ಕಂಬವನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿಸಬೇಕು. ಕೈ ಸೇರಿಸಲು ನಾಲ್ಕು ಜನ ಇದ್ದರೆ ಅವರಿಗೆ ಎಷ್ಟೋ ಸುಲಭ. ಪಕ್ಕದ ಮನೆಗೆ ಇದ್ದು ನಿಮಗೆ ಮಾತ್ರ ಇಲ್ಲ ಎಂದಾದರೆ ಅದನ್ನು ಬೇರೆ ದೂರಾಗಿಯೇ ಕೊಡಬೇಕು. ಲೈನು ಸರಿಯಾಯಿತು ಅಂತ ಅವರು ಮುಂದೆ ಹೋಗಿರುತ್ತಾರೆ.

ಬಾಯಾರು ಸುರಂಗದ ನೀರು
ನೀರಿನ ಬಗ್ಗೆ ನಾನು ಬರೆಯುತ್ತೇನೆ. ಕರೆಂಟು ಇಲ್ಲದ ದಿನ ನಿಜವಾಗಿ ಕಷ್ಟ ಕೊಡುವುದು ಕತ್ತಲೆಯಲ್ಲ, ನೀರು. ಹೊರಗೆ ಧಾರಾಕಾರ ಮಳೆ, ಒಳಗೆ ನಲ್ಲಿಯಲ್ಲಿ ಒಂದು ಹನಿ ಇಲ್ಲ. ಬೋರ್‌ವೆಲ್ ಒಂದನ್ನೇ ನಂಬಿದ ಮನೆಗಳ ಅವಸ್ಥೆ ಈಗ ಇದೇ. ಆರುನೂರು ಅಡಿ ಕೆಳಗಿನ ನೀರನ್ನು ಕೊಡಪಾನದಲ್ಲಿ ಸೇದಲು ಆಗುವುದಿಲ್ಲವಲ್ಲ.

ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡವಾಗಿ ಸುರಂಗ ತೋಡಿ ನೀರು ತಂದರು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಈಗಲೂ ಸುರಂಗ ಉಂಟು. ಮುರಕಲ್ಲಿನ ಒಳಗಿಂದ ಒಸರುವ ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹರಿಸುತ್ತಿದ್ದರು, ಈಗ ಪೈಪು. ಪಂಪು ಬೇಡ, ಸ್ವಿಚ್ಚು ಬೇಡ. ಈ ಗಾಳಿಗೂ ನಮ್ಮ ಮನೆಯ ನೀರು ನಿಲ್ಲಲಿಲ್ಲ. ಸುತ್ತಲಿನ ಮನೆಯವರು ಬಂದು ತುಂಬಿಸಿಕೊಂಡು ಹೋದರು.

ಬೋರ್‌ವೆಲ್ ಬಂದ ಮೇಲೆ ಎಷ್ಟೋ ಸುರಂಗ ಕುಸಿದು ಮುಚ್ಚಿಹೋದವು. ನಿಮ್ಮ ಜಾಗದಲ್ಲಿ ಹಳೆಯದು ಇದ್ದರೆ ದಯವಿಟ್ಟು ಬಿಡಬೇಡಿ. ಗೊತ್ತಿದ್ದವರನ್ನು ಕರೆಸಿ ಬೇಸಗೆಯಲ್ಲಿ ಹೂಳು ತೆಗೆಸಿ. ಮಳೆಗಾಲದಲ್ಲಿ ಯಾರೂ ಒಳಗೆ ಹೋಗಬಾರದು, ಮಣ್ಣು ಜರಿಯುತ್ತದೆ.

ಪೆರ್ಲ ತೋಟದಮನೆ
ಸುರಂಗ ಇಲ್ಲದವರು ಏನು ಮಾಡಬೇಕು ಅಂತಲೂ ಹೇಳಬೇಕಲ್ಲ ಭಾವ.

ಬಾಯಾರು ಸುರಂಗದ ನೀರು
ತೆರೆದ ಬಾವಿ ಇದ್ದರೆ ರಾಟೆ, ಹಗ್ಗ, ಕೊಡಪಾನ ತೆಗೆದು ಎಸೆಯಬೇಡಿ. ಪಂಪು ಇಟ್ಟ ಮೇಲೆ ಬಾವಿಯ ಅಡ್ಡೆಯನ್ನೇ ಕಿತ್ತ ಮನೆಗಳು ಬೇಕಾದಷ್ಟಿವೆ. ಮಾಡಿನ ನೀರನ್ನು ಡ್ರಮ್ಮಿಗೆ ಬಿಟ್ಟರೆ ಪಾತ್ರೆ, ಬಟ್ಟೆ, ಬಚ್ಚಲು, ಕೊಟ್ಟಿಗೆ ಎಲ್ಲಕ್ಕೂ ಆಗುತ್ತದೆ. ಮೊದಲು ಬೀಳುವ ನೀರಿನಲ್ಲಿ ಎಲೆ, ಹಕ್ಕಿ ಹಿಕ್ಕೆ ಇರುತ್ತದೆ, ಅದನ್ನು ಹೊರಗೆ ಬಿಡಿ. ಕುಡಿಯುವುದಕ್ಕೆ ಬಾವಿ ನೀರೇ ಬೇಕು, ಅದೂ ಚೆನ್ನಾಗಿ ಕುದಿಸಿಯೇ.

ಬದಿಯಡ್ಕದ ನರ್ಸ್
ಕುದಿಸುವ ಮಾತು ಬಂದದ್ದು ಒಳ್ಳೆಯದಾಯಿತು. ಬಾವಿಗೆ ಹೊರಗಿನ ನೀರು ನುಗ್ಗಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ. ಸಾಮಾನ್ಯಕ್ಕೆ ಸಾವಿರ ಲೀಟರ್ ನೀರಿಗೆ 2.5 ಗ್ರಾಂ, ಕೊಳೆ ನೀರು ಸೇರಿದ್ದರೆ 5 ಗ್ರಾಂ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಮಾತ್ರ ಬಾವಿಗೆ ಇಳಿಸಿ. ಒಂದು ಗಂಟೆ ಬಿಟ್ಟು ಬಳಸಿ.

ಇನ್ಸುಲಿನ್ ಬಗ್ಗೆ ತುಂಬಾ ಜನ ಕೇಳುತ್ತಿದ್ದಾರೆ. ಹೆದರಬೇಡಿ. ಈಗ ಬಳಸುತ್ತಿರುವ ಬಾಟಲಿ ಅಥವಾ ಪೆನ್ನು 30 ಡಿಗ್ರಿ ಒಳಗಿನ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇರಬಹುದು. ನಿಮ್ಮ ಔಷಧಿಗೆ ಎಷ್ಟು ದಿನ ಅಂತ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತದೆ, ನೋಡಿ. ಇನ್ನೂ ಬಳಸಲು ಶುರುಮಾಡದ ಬಾಟಲಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಅದನ್ನು ಕರೆಂಟು ಇರುವ ಕಡೆ ಕೊಟ್ಟಿಡಿ. ಮೆಡಿಕಲ್ ಶಾಪಿನವರನ್ನು ಕೇಳಿದರೆ ಇಟ್ಟುಕೊಳ್ಳುತ್ತಾರೆ. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬೇಸಗೆಯಲ್ಲಿ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ ಇಡುವ ಉಪಾಯ ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆಗ ಅದರಿಂದ ಅಷ್ಟು ತಂಪು ಸಿಗದು.

ಇನ್ನೊಂದು ಮಾತು. ನಮ್ಮ ಕಡೆ ಹಾಸಿಗೆ ಹಿಡಿದವರು ಇರುವ ಮನೆಗಳು ತುಂಬಾ ಇವೆ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲ ಉಂಡ ಮನೆಗಳು ಅವು. ಅಲ್ಲಿ ಗಾಳಿ ಹಾಸಿಗೆ ಬಳಸುತ್ತಾರೆ. ಕರೆಂಟು ಹೋದರೆ ಅದರ ಪಂಪು ನಿಂತು ಹಾಸಿಗೆ ಚಪ್ಪಟೆಯಾಗುತ್ತದೆ. ಆಗ ಪ್ರತಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿ ಕೂಡ. ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಒಬ್ಬ ತಾಯಿ ಒಬ್ಬಳೇ ಇದನ್ನು ಎಷ್ಟು ರಾತ್ರಿ ಮಾಡಿಯಾಳು? ಅಕ್ಕಪಕ್ಕದವರು ಸರದಿಯಲ್ಲಿ ಹೋಗಿ ನಿಲ್ಲಬೇಕು. ನಿಮ್ಮ ವಾರ್ಡಿನಲ್ಲಿ ಅಂಥ ಮನೆ ಯಾವುದು ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಕೇಳಿ.

ಆಮ್ಲಜನಕದ ಯಂತ್ರ ಇರುವವರು ಇನ್ವರ್ಟರ್ ನಂಬಿ ಕೂರಬೇಡಿ. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ತಿನ್ನುತ್ತದೆ, ಮನೆಯ ಬ್ಯಾಟರಿ ಎರಡು ಮೂರು ಗಂಟೆಗೆ ಮುಗಿಯುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಪಂಚಾಯತಿನ ಪಾಲಿಯೇಟಿವ್ ತಂಡಕ್ಕೆ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವವರು) ತಿಳಿಸಿ, ಒಂದು ಸಿಲಿಂಡರ್ ಮನೆಯಲ್ಲಿರಲಿ.

ಪೆರ್ಲ ತೋಟದಮನೆ
ಅಕ್ಕ, ಈ ಮಗ್ಗುಲು ಬದಲಿಸುವ ವಿಷಯ ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಮ್ಮ ವಾರ್ಡಿನ ಗುಂಪಿನಲ್ಲಿ ಈಗಲೇ ಹಾಕುತ್ತೇನೆ.

ನೀರ್ಚಾಲು ಮಾಷ್ಟ್ರು
ಜನರೇಟರ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಐದು ಮನೆಯವರು ಸೇರಿ ಒಂದು ಪೆಟ್ರೋಲ್ ಜನರೇಟರ್ ತೆಗೆದುಕೊಂಡಿದ್ದೇವೆ. ದಿನಕ್ಕೆ ಒಂದೊಂದು ಮನೆಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡಿಸಿದರೆ ಟ್ಯಾಂಕಿಗೆ ನೀರು ಏರುತ್ತದೆ, ಫೋನ್ ಚಾರ್ಜ್ ಆಗುತ್ತದೆ. ಮನೆಗೊಂದು ಯಾಕೆ ಬೇಕು? ವರ್ಷಕ್ಕೆ ಕೆಲವೇ ದಿನ ಬಳಸುವ ಯಂತ್ರ. ಪೆಟ್ರೋಲಿನ ಖರ್ಚು ಹಂಚಿಕೊಳ್ಳುತ್ತೇವೆ. ಈವರೆಗೆ ಒಂದು ಮಾತು ಬಂದದ್ದಿಲ್ಲ.

ಮುಳ್ಳೇರಿಯ ವಯರ್‌ಮ್ಯಾನ್
ಮಾಷ್ಟ್ರೇ, ಬಹಳ ಒಳ್ಳೆಯ ಕೆಲಸ. ಆದರೆ ಅದನ್ನು ಮನೆಗೆ ಹೇಗೆ ಜೋಡಿಸುತ್ತೀರಿ?

ನೀರ್ಚಾಲು ಮಾಷ್ಟ್ರು
ಮೂರು ಮನೆಯಲ್ಲಿ ಚೇಂಜ್ ಓವರ್ ಸ್ವಿಚ್ ಉಂಟು, ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಸೇರಿಸುವಂಥದ್ದು. ಉಳಿದ ಎರಡು ಮನೆಯಲ್ಲಿ ಪಂಪನ್ನು ನೇರವಾಗಿ ಜನರೇಟರಿಗೇ ಕೊಡುತ್ತೇವೆ, ಮನೆಯ ವಯರಿಂಗಿಗೆ ಮುಟ್ಟಿಸುವುದಿಲ್ಲ.

ಮುಳ್ಳೇರಿಯ ವಯರ್‌ಮ್ಯಾನ್
ಸಮಾಧಾನವಾಯಿತು. ಎರಡೂ ಕಡೆ ಪಿನ್ ಇರುವ ವಯರ್ ಮಾಡಿ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಪ್ಲಗ್ಗಿಗೆ ಚುಚ್ಚುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಿಮ್ಮ ಮನೆಯ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರಿದರೆ ಆಚೆ ಬದಿಯಲ್ಲಿ 11,000 ವೋಲ್ಟ್ ಆಗುತ್ತದೆ. ಅಲ್ಲಿ ಲೈನ್ ಆಫ್ ಮಾಡಿದ್ದೇವೆ ಅಂತ ನಂಬಿ ಕಂಬದ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ಅವನು ನಿಮಗೇ ಬೆಳಕು ಕೊಡಲು ಹತ್ತಿದವನು. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಚೇಂಜ್ ಓವರ್ ಸ್ವಿಚ್ ಇಲ್ಲದ ಮನೆಯಲ್ಲಿ ಜನರೇಟರನ್ನು ವಯರಿಂಗಿಗೆ ಜೋಡಿಸಲೇಬಾರದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮತ್ತೆ, ಹೊಗೆಯ ವಿಷಯ. ಚಾವಡಿಯಲ್ಲಿ, ಕೊಟ್ಟಿಗೆಯಲ್ಲಿ, ಕಿಟಕಿಯ ಬುಡದಲ್ಲಿ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಪಂಪಿಗೆ ಎಷ್ಟು ದೊಡ್ಡ ಜನರೇಟರ್ ಬೇಕು ಅಂತ ಕೇಳುವವರಿಗೆ: 1 ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ. 1 ಕೆವಿಎ ಯಂತ್ರ ಎತ್ತುವುದಿಲ್ಲ. 3 ಕೆವಿಎ ಹತ್ತಿರದ್ದು ನೋಡಿ.

ಕುಂಬಳೆ ವಿದ್ಯಾರ್ಥಿನಿ
ನಮ್ಮ ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ್ದಾರೆ. ಆದರೂ ಕರೆಂಟು ಹೋದಾಗ ಅದೂ ಆಫ್. ಬಿಸಿಲು ಬಂದಾಗಲೂ ಇಲ್ಲ. ಹಾಳಾಗಿದೆಯಾ?

ಮುಳ್ಳೇರಿಯ ವಯರ್‌ಮ್ಯಾನ್
ಹಾಳಾಗಿಲ್ಲ. ಲೈನಿಗೆ ಸೇರಿಸಿದ ಬ್ಯಾಟರಿ ಇಲ್ಲದ ಸೋಲಾರ್, ಲೈನು ಸತ್ತ ಕೂಡಲೇ ತಾನೂ ನಿಲ್ಲಬೇಕು. ನಾನು ಈಗ ಹೇಳಿದ ಅದೇ ಕಾರಣಕ್ಕೆ, ಕಂಬದ ಮೇಲಿರುವವನ ಜೀವಕ್ಕಾಗಿ. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು. ಹಾಕಿಸುವ ಮೊದಲು ಈ ಪ್ರಶ್ನೆ ಕೇಳಿಯೇ ಹಾಕಿಸಿ. ಮಾರುವವರು ತಾವಾಗಿ ಹೇಳುವುದು ಕಡಿಮೆ.

ಇನ್ವರ್ಟರ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ಇನ್ವರ್ಟರೂ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು 750 ಅಂತ ಇಟ್ಟುಕೊಳ್ಳಿ. 9 ವ್ಯಾಟಿನ ನಾಲ್ಕು ಬಲ್ಬು, ಕಡಿಮೆ ಕರೆಂಟು ತಿನ್ನುವ ಹೊಸ ನಮೂನೆಯ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಒಂದು, ಇಷ್ಟೇ ಆದರೆ ಹನ್ನೊಂದು ಗಂಟೆ ಬರುತ್ತದೆ. ಅದೇ ಹಳೆಯ 75 ವ್ಯಾಟಿನ ಫ್ಯಾನು ಹಾಕಿದರೆ ಏಳು ಗಂಟೆಯೂ ಇಲ್ಲ. ಟಿವಿ ಹಾಕಿದಿರಾ, ಸಂಜೆಗೇ ಮುಗಿಯಿತು.

ಉಪ್ಪಳ ಕಡಲಬದಿ
ಕಡಲ ಬದಿಯ ಕಷ್ಟ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೇ ಚಂಡಮಾರುತ ನಮ್ಮ ನೆಲಕ್ಕೆ ಏರಲೇ ಇಲ್ಲ, ಮೇಲೆ ಗುಜರಾತಿಗೆ ಹೋಯಿತು. ಆದರೂ ಮುಸೋಡಿ ಕಡೆ ಕಡಲು ದಡ ಕೊರೆದು ಮನೆಗಳನ್ನೇ ತೆಗೆದುಕೊಂಡಿತು. ಅಂಥ ಹೊತ್ತಿನಲ್ಲಿ ನಮಗೆ ಬೇಕಾದದ್ದು ಸುದ್ದಿ. ಟವರಿನ ಬ್ಯಾಟರಿ ಮುಗಿದರೆ ಫೋನು ಬರೀ ಟಾರ್ಚ್ ಆಗುತ್ತದೆ. ಎಲ್ಲರೂ ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ. ಸೆಲ್ ಹಾಕುವಂಥದ್ದು. ಮಂಗಳೂರು ಆಕಾಶವಾಣಿ ಎಫ್ಎಂ 100.3ರಲ್ಲಿ ನಮ್ಮ ಕಡೆ ಸಿಗುತ್ತದೆ.

ಗಡಿಯಲ್ಲಿ ಇರುವವರಿಗೆ ಒಂದು ಅನುಕೂಲವೂ ಉಂಟು. ಕೇರಳದ ಟವರ್ ಸತ್ತಾಗ ಕೆಲವು ಕಡೆ ಕರ್ನಾಟಕದ ಟವರ್ ಸಿಗುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ರೋಮಿಂಗ್ ಆನ್ ಮಾಡಿ ನೆಟ್‌ವರ್ಕ್ ಹುಡುಕಿ ನೋಡಿ. ಸಿಗ್ನಲ್ ಕಡಿಮೆ ಇದ್ದರೆ ಕರೆ ಮಾಡಿ ಬ್ಯಾಟರಿ ಮುಗಿಸಬೇಡಿ, ಮೆಸೇಜ್ ಹಾಕಿ. ಜಿಲ್ಲಾ ತುರ್ತು ಕೇಂದ್ರದ ನಂಬರ್ 1077, ಎಲ್ಲಾದರೂ ಬರೆದು ಗೋಡೆಗೆ ಅಂಟಿಸಿ.

ವರ್ಕಾಡಿ ಹಾಲಿನಮನೆ
ನನ್ನ ಚಿಂತೆ ಹಾಲು. ಸೊಸೈಟಿಗೆ ಹೋಗುವ ದಾರಿಯಲ್ಲಿ ಮರ ಬಿದ್ದು ಹಾಲು ಕೊಡಲಿಕ್ಕಾಗಲಿಲ್ಲ. ಎಲ್ಲವನ್ನೂ ಕಾಯಿಸಿ ಹೆಪ್ಪು ಹಾಕಿ, ಕೈಯಲ್ಲೇ ಕಡೆದು ಬೆಣ್ಣೆ ತೆಗೆದೆವು. ತುಪ್ಪ ಕಾಯಿಸಿದರೆ ಫ್ರಿಜ್ ಬೇಡ. ಮಜ್ಜಿಗೆಯನ್ನು ಸುತ್ತಲಿನ ಮನೆಗಳಿಗೆ ಕೊಟ್ಟೆವು. ಕರೆಯುವ ಯಂತ್ರ ಇದ್ದವರು ಕೈಯಲ್ಲಿ ಕರೆಯುವ ಅಭ್ಯಾಸ ಬಿಡಬಾರದು ಅಂತ ನನಗೆ ಅನಿಸುತ್ತದೆ, ಕರೆಯದೆ ಬಿಟ್ಟು ಕೆಚ್ಚಲು ಬಾವು ಬಂದರೆ ಹಸುವಿಗೆ ಎಷ್ಟು ನೋವು ಅಲ್ವಾ.

ಅಡುಗೆಗೆ ಮಿಕ್ಸಿ ಬೇಡವಾದದ್ದನ್ನೇ ಮಾಡಿದೆವು. ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ, ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಪಲ್ಯ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ, ತುಂಬಿದ ಫ್ರೀಜರ್ ಆದರೆ ಎರಡು ದಿನ. ಆಮೇಲೆ ಮೀನು, ಮಾಂಸ ಇಟ್ಟುಕೊಳ್ಳುವುದು ಬೇಡ.

ಪೆರ್ಲ ತೋಟದಮನೆ
ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ. ಲೈನಿನ ಹತ್ತಿರದ ಅಡಿಕೆ ಮರ ತೆಗೆಯಬೇಕಾ? ನಮ್ಮ ತೋಟದ ನಡುವೆಯೇ ಲೈನು ಹೋಗಿದೆ.

ನೀರ್ಚಾಲು ಮಾಷ್ಟ್ರು
ತೆಗೆಯಬೇಕು. ನಿಮ್ಮ ಒಂದು ಮರ ಬಿದ್ದರೆ ಐವತ್ತು ಮನೆಗೆ ಕತ್ತಲು.

ಬಾಯಾರು ಸುರಂಗದ ನೀರು
ಮಾಷ್ಟ್ರೇ, ಹೇಳುವುದು ಸುಲಭ. ಅಡಿಕೆ ಮರ ಐವತ್ತು ಅಡಿ ಎತ್ತರ ಆಗುತ್ತದೆ. ಬಿದ್ದರೆ ತಾಗುವ ಮರವನ್ನೆಲ್ಲ ಕಡಿಯಿರಿ ಅಂದರೆ ಲೈನಿನ ಎರಡು ಬದಿಯೂ ಐವತ್ತು ಅಡಿ ಬೋಳಾಗಬೇಕು. ಸಣ್ಣ ಹಿಡುವಳಿದಾರನಿಗೆ ಅರ್ಧ ತೋಟವೇ ಹೋಯಿತು. ಹಳದಿ ಎಲೆ ರೋಗ, ಕೊಳೆರೋಗ ಎಲ್ಲ ತಾಳಿಕೊಂಡು ಉಳಿಸಿದ ಮರ ಅದು.

ಮುಳ್ಳೇರಿಯ ವಯರ್‌ಮ್ಯಾನ್
ಇಬ್ಬರ ಮಾತಿನಲ್ಲೂ ನ್ಯಾಯ ಉಂಟು. ನನ್ನ ಅಭಿಪ್ರಾಯ: ನಿಂತ ಒಳ್ಳೆಯ ಮರ ಇರಲಿ. ವಾಲಿದ್ದು, ಬುಡ ಕೊಳೆತದ್ದು, ತಲೆ ಸತ್ತದ್ದು ಏಪ್ರಿಲ್ ಒಳಗೆ ಹೋಗಲಿ. ಕಡಿಯುವ ದಿನ ಆಫೀಸಿಗೆ ತಿಳಿಸಿ ಲೈನು ಆಫ್ ಮಾಡಿಸಿ. ಲೈನಿನ ಅಡಿಯಲ್ಲಿ ಹೊಸ ಅಡಿಕೆ ಗಿಡ ಮಾತ್ರ ನೆಡಬೇಡಿ, ಅಲ್ಲಿ ಅನಾನಸು, ಸವರಿ ಇಟ್ಟ ಕೊಕ್ಕೋ ಆದೀತು. ರಬ್ಬರ್ ಮತ್ತು ಅಕೇಶಿಯಾ ವಿಷಯದಲ್ಲಿ ನನಗೆ ಕರುಣೆ ಇಲ್ಲ, ಅವು ಗಾಳಿಗೆ ಬೇಗ ಮುರಿಯುತ್ತವೆ. ತೋಟದ ಒಳಗೆ ಹೋಗುವ ಲೈನಿಗೆ ತೆರೆದ ತಂತಿಯ ಬದಲು ಹೊದಿಕೆ ಇರುವ ಎಬಿಸಿ ಕೇಬಲ್ ಹಾಕಿ ಅಂತ ಊರವರು ಸೇರಿ ಬರೆದು ಕೊಡಬೇಕು. ಸೋಗೆ ತಾಗಿದ್ದಕ್ಕೆಲ್ಲ ಕರೆಂಟು ಹೋಗುವುದು ಅದರಿಂದ ನಿಲ್ಲುತ್ತದೆ. ಇಡೀ ಮರ ಬಿದ್ದು ಕಂಬ ಮುರಿಯುವುದಕ್ಕೆ ಅದು ಪರಿಹಾರವಲ್ಲ.

ನೀರ್ಚಾಲು ಮಾಷ್ಟ್ರು
ಇದಕ್ಕೆ ನಾನು ಒಪ್ಪುತ್ತೇನೆ. ಅರ್ಜಿಯ ಕರಡು ನಾನು ಬರೆಯುತ್ತೇನೆ, ಕನ್ನಡದಲ್ಲೇ. ಸಹಿ ಹಾಕುವವರು ತಿಳಿಸಿ.

ಕುಂಬಳೆ ವಿದ್ಯಾರ್ಥಿನಿ
ಅಜ್ಜಿ ಮನೆಗೆ ಕರೆಂಟು ಬಂತು! ಆದರೆ ಒಂದು ಬಲ್ಬು ತುಂಬಾ ಜೋರಾಗಿ ಉರಿಯುತ್ತಿದೆ, ಇನ್ನೊಂದು ಮಂಕು.

ಮುಳ್ಳೇರಿಯ ವಯರ್‌ಮ್ಯಾನ್
ತಂಗೀ, ಕೂಡಲೇ ಮೇನ್ ಸ್ವಿಚ್ ಆಫ್ ಮಾಡಲು ಹೇಳು. ಈಗಲೇ. ನ್ಯೂಟ್ರಲ್, ಅಂದರೆ ಕರೆಂಟು ಹಿಂದಿರುಗುವ ತಂತಿ, ತುಂಡಾಗಿರಬಹುದು. ಹಾಗಾದರೆ 230ರ ಜಾಗದಲ್ಲಿ 400 ವೋಲ್ಟ್ ತನಕ ಏರುತ್ತದೆ, ಫ್ರಿಜ್, ಟಿವಿ ಎಲ್ಲ ಸುಟ್ಟುಹೋಗುತ್ತದೆ. 1912ಕ್ಕೆ ಹೇಳಿ ಸರಿಮಾಡಿಸಿದ ಮೇಲೆಯೇ ಹಾಕಿ.

ಉಳಿದವರೂ ಕೇಳಿ. ಕರೆಂಟು ಇಲ್ಲದಾಗ ಫ್ರಿಜ್, ಟಿವಿ, ಪಂಪಿನ ಸ್ವಿಚ್ ಎಲ್ಲ ಆಫ್ ಮಾಡಿಡಿ, ಒಂದು ಬಲ್ಬು ಮಾತ್ರ ಇರಲಿ. ಬಂದ ಮೇಲೆ ಆ ಬಲ್ಬು ಹತ್ತು ನಿಮಿಷ ಒಂದೇ ಸಮ ಉರಿದರೆ ಉಳಿದದ್ದು ಹಾಕಿ. ತ್ರೀ ಫೇಸ್ ಪಂಪು ಇರುವವರು ಮೂರೂ ಫೇಸ್ ಬಂದಿದೆಯಾ ನೋಡದೆ ಸ್ಟಾರ್ಟರ್ ಒತ್ತಬೇಡಿ, ಮೋಟಾರು ಸುಡುತ್ತದೆ.

ಕುಂಬಳೆ ವಿದ್ಯಾರ್ಥಿನಿ
ಆಫ್ ಮಾಡಿದರು ಅಣ್ಣ. ಫ್ರಿಜ್ ಪ್ಲಗ್ ತೆಗೆದೇ ಇಟ್ಟಿದ್ದರಂತೆ. ದೂರು ಕೊಟ್ಟಿದ್ದೇನೆ, ಕಂಬದ ನಂಬರ್ ಸಮೇತ.

ವರ್ಕಾಡಿ ಹಾಲಿನಮನೆ
ಬಿದ್ದ ಮರಕ್ಕೆ ಪರಿಹಾರ ಕೇಳುವುದು ಎಲ್ಲಿ?

ಪೆರ್ಲ ತೋಟದಮನೆ
ಬೆಳೆಗೆ ಕೃಷಿಭವನ, ಮನೆಗೆ ಹಾನಿಯಾಗಿದ್ದರೆ ವಿಲೇಜ್ ಆಫೀಸು. ಬೆಳೆಯದ್ದು ಕೇರಳ ಕೃಷಿ ಇಲಾಖೆಯ ಎಐಎಂಎಸ್ ಪೋರ್ಟಲಿನಲ್ಲಿ ಹಾಕಬೇಕು, ಸರಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಮರ ತುಂಡು ಮಾಡುವ ಮೊದಲು ಫೋಟೋ ತೆಗೆಯಿರಿ, ಬುಡ ಮತ್ತು ಜಾಗ ಎರಡೂ ಕಾಣಬೇಕು. ಭೂತೆರಿಗೆ ರಶೀದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಹೋಗಿ. ತಡ ಮಾಡಬೇಡಿ, ಅವಧಿ ದಾಟಿದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ನಾನು ನಾಳೆ ಬೆಳಗ್ಗೆ ಹೋಗುವವನಿದ್ದೇನೆ. ಪೆರ್ಲ ಸುತ್ತಿನ ಯಾರಿಗಾದರೂ ಫಾರ್ಮ್ ತುಂಬಲು ಕಷ್ಟವಾದರೆ ಜೊತೆಗೇ ಬನ್ನಿ.